ಡಾರ್ಕ್‌ರೂಮಿನ ಕುರುಡು ಮೀನುಗಳು

ಬಸವಕಲ್ಯಾಣದ ಅರ್ಧ ಊರಿಗೆ ಕಣ್ಣು ಕೊಟ್ಟವರು ನಮ್ಮ ಯಜಮಾನರ ಕಾಕಾ. ಡಾಕ್ಟರರೇನಲ್ಲ! ಫೋಟೋ ಸ್ಟುಡಿಯೋ ಇಟ್ಟವರು. ನಮ್ಮ ಕಡೆಯ ಮಂದಿಗೆ ಫ್ಲ್ಯಾಶ್ ಹೊಳೆದರೆ ಸಾಕು, ಸಿಡಿಲು ಬಡಿದಂತೆ ಕಣ್ಣು ಮುಚ್ಚುವ ಅಭ್ಯಾಸ. ಮದುವೆಯ ಫೋಟೋದಲ್ಲಿ ಬೀಗರೆಲ್ಲ ನಿಂತಲ್ಲೇ ನಿದ್ದೆ ಹೋದಂತೆ ಬಂದರೆ ಯಾರಿಗೆ ಚೆನ್ನ? ಕಾಕಾ ಕೂದಲೆಳೆಯಂಥ ಬ್ರಶ್ ಹಿಡಿದು, ಮುಚ್ಚಿದ ರೆಪ್ಪೆಯ ಮೇಲೆ ತೆರೆದ ಕಣ್ಣು ಬರೆದುಬಿಡುತ್ತಿದ್ದರು. ಹುಲಸೂರಿನ ಒಬ್ಬ ಬೀಗರಿಗೆ ಬರೆದ ಕಣ್ಣು ಎಷ್ಟು ದೊಡ್ಡದಾಯಿತೆಂದರೆ, ತಮ್ಮ ತಾಟಿನ ಹೋಳಿಗೆ ಯಾರೋ ಎತ್ತಿಕೊಂಡು ಹೋದವರಂತೆ ಅವರು ಇಂದಿಗೂ ಗೋಡೆಯ ಮೇಲೆ ನಿಂತು ನೋಡುತ್ತಿದ್ದಾರೆ!

ಕಣ್ಣು ಸಿಗದೆ ಹೋದದ್ದು ಒಬ್ಬರಿಗೆ ಮಾತ್ರ. ಸ್ವಂತ ಹೆಂಡತಿಗೆ. ಮದುವೆಯಾದ ವಾರದಲ್ಲೇ ಕಾಕಾ ತೆಗೆದ ಕಾಕುವಿನ ಫೋಟೋ ಪಡಸಾಲೆಯಲ್ಲಿದೆ: ತಲೆ ತುಂಬ ಸೆರಗು, ಕೈ ತುಂಬ ಹಸಿರು ಬಳೆ, ಕಣ್ಣು ಮಾತ್ರ ಮುಚ್ಚಿದ್ದು.

"ಊರ ಮಂದಿಗೆಲ್ಲ ಕಣ್ಣ ಬರದ್ರಿ. ನನ್ನ ಪಾಳಿ ಬಂದಾಗಷ್ಟ ಬಣ್ಣ ಖಾಲಿ ಆಗಿತ್ತೇನ್ರಿ?" ಎಂದು ಕಾಕು ಬಂದವರೆದುರು ಚುಚ್ಚುತ್ತಿದ್ದರು. ಕಾಕಾ ಚಷ್ಮಾ ಒರೆಸಿಕೊಳ್ಳುತ್ತಾ ಕೂಡುತ್ತಿದ್ದರು.

ಆಮೇಲೆ ಪಕ್ಕದ ನಮ್ಮ ಊರು ಹುಮನಾಬಾದಿಗೆ ಕಲರ್ ಲ್ಯಾಬ್ ಬಂತು. ಕಪ್ಪು-ಬಿಳುಪು ಫೋಟೋ ಕೇಳುವವರೇ ಇಲ್ಲವಾದರು. ಸ್ಟುಡಿಯೋದ ಹಿಂದೆ, ಮನೆಗೆ ಹೊಂದಿಕೊಂಡೇ ಇದ್ದ ಡಾರ್ಕ್‌ರೂಮು ಸುಮ್ಮನೆ ಬಿತ್ತು. ಕಾಕುವಿಗೆ ಅದರ ಮೇಲೆ ಕಣ್ಣು. ಇದ್ದ ಅಡುಗೆಮನೆಯಲ್ಲಿ ಹಗಲೂ ಬಲ್ಬು ಹಾಕದೆ ಬೇಳೆಯೊಳಗಿನ ಹರಳು ಕಾಣದು. ಬೆಳಕು ಬರುವಂತೆ ಡಾರ್ಕ್‌ರೂಮಿನ ಗೋಡೆ ಒಡೆದು ಒಂದು ದೊಡ್ಡ ಕಿಡಕಿ ಹೊಡೆಸಿ ಅಲ್ಲೇ ಒಲೆ ಹೂಡುವುದೆಂದು ಅವರು ಗೋಡೆ ಕೆಲಸದ ಗೌಂಡಿಗೂ ಹೇಳಿಟ್ಟರು. ಕಾಕಾನ ಊಟ ಮಾತ್ರ ಅಂದಿನಿಂದ ಒಂದೇ ರೊಟ್ಟಿಗೆ ಇಳಿಯಿತು. ಆಯುಷ್ಯವೆಲ್ಲ ಕತ್ತಲಲ್ಲಿ ಕೈಯಿಂದಲೇ ಎಲ್ಲವನ್ನೂ ಗುರುತು ಹಿಡಿದ ಮನುಷ್ಯ, ಆ ಕೋಣೆಗೆ ಬಿಸಿಲು ಬಿಡಿ ಎಂದು ಹೇಗೆ ಹೇಳಿಯಾರು?

ಅದೇ ದಿನಗಳಲ್ಲಿ ಹೈದರಾಬಾದಿಗೆ ಫೋಟೋ ಪೇಪರು ತರಲು ಹೋದ ಕಾಕಾ, ಪೇಪರು ಸಿಗದೆ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಹುಮನಾಬಾದಿನ ನಮ್ಮ ಮನೆಯಲ್ಲಿ ಇಳಿದರು. ಚೀಲದಲ್ಲಿ ನೀರು, ನೀರಿನಲ್ಲಿ ತೆಳು ಗುಲಾಬಿ ಬಣ್ಣದ ಮೀನು.

"ಕಾಕಾ, ಇವಕ್ಕ ಕಣ್ಣ ಇಲ್ಲಲ್ರಿ!" ಎಂದೆ.

"ಗವಿಯೊಳಗ ಇರೋ ಜಾತಿ ನೋಡವಾ. ಕತ್ತಲಿ ಕೋಣಿನ ಬೇಕು ಇವಕ್ಕ. ಈಗ ನೀನ ಹೇಳು, ಕಲ್ಯಾಣದಾಗ ಕತ್ತಲಿ ಕೋಣಿ ಯಾರ ಮನ್ಯಾಗ ಅದ?"

ಮುಖದ ಮೇಲೆ ಎಂಥ ಮುಗ್ಧ ಭಾವ ಅಂತೀರಿ! ಕಿಡಕಿಗೆ ಅಡ್ಡ ನಿಲ್ಲಲು ಮೀನುಗಳನ್ನು ಕರೆದುಕೊಂಡು ಬಂದಿದ್ದರು!

ನಮ್ಮದು ಮೊಟ್ಟೆಯನ್ನೂ ಹೊಸ್ತಿಲು ದಾಟಿಸದ ಮನೆತನ. ಕಾಕು ಸಿಟ್ಟಾದರು. "ಮೀನ ತಂದೀರಲ್ರಿ, ಓಣ್ಯಾಗಿನ ಮಂದಿ ಏನಂದಾರು?"

"ತಿನ್ನಾಕ ತಂದಿಲ್ಲಲೇ. ಗವಿಯೊಳಗ ಕಣ್ಣ ಮುಚ್ಚಿ ಕೂಡೋರು ಯಾರು? ತಪಸ್ಸಿನವ್ರು. ಇವೂ ಹಂಗ ಅಂತ ತಿಳಿ."

ಗುಡ್ಡದ ಗವಿಗಳಿಗೆ ಕೈಮುಗಿದು ಬೆಳೆದ ಕಲ್ಯಾಣದ ಹೆಣ್ಣುಮಗಳು ಗವಿಯವರನ್ನು ಹೊರಗೆ ಹಾಕಿಯಾಳೇ? "ಗೌಂಡಿ ಬರೋತನ ಇರ್ಲಿ" ಎಂದರು.

ಕಾಕಾ ಗಾಜಿನ ಪೆಟ್ಟಿಗೆಯಲ್ಲಿ ಗವಿ ಕಟ್ಟಿದರು. ಊರ ಹೊರಗಿನ ಕೆಂಪು ಕಲ್ಲು ಜೋಡಿಸಿದ್ದೇ ತಡ, ನೀರು ಚಹಾದಂತಾಯಿತು. ಫೋಟೋ ತೊಳೆಯುವಂತೆ ಒಂದೊಂದು ಕಲ್ಲನ್ನೂ ಒಂದು ಟ್ರೇಯಿಂದ ಇನ್ನೊಂದಕ್ಕೆ ಎತ್ತಿಡುತ್ತಾ ತೊಳೆದರು. ಚಿಮಟಿಗೆಯಿಂದ ಹಿಡಿದು ಹಗ್ಗಕ್ಕೆ ಒಣಹಾಕಲಿಲ್ಲ, ಅಷ್ಟೇ! ಫೋಟೋ ತೊಳೆಯಲು ತಂದು ಉಳಿದಿದ್ದ ಹೈಪೋ ಹರಳು ಒಂದು ಚಿಟಿಕೆ ಹಾಕಿದರೆ ನಳದ ನೀರಿನ ಕ್ಲೋರಿನ್ ಹೋಗುತ್ತದೆಂದು ತಿಳಿದಾಗಂತೂ ಹಳೆಯ ನೌಕರಿ ಮರಳಿ ಸಿಕ್ಕಷ್ಟು ಖುಷಿ.

ನೋಡಲು ಬಂದವರ ಪಾಡೋ! ಎಲ್ಲರೂ ಒಳಗೆ ಬಂದ ಕೂಡಲೇ ಕಾಕಾ ರೂಢಿಯಂತೆ, "ಬಾಗಿಲಾ ಹಾಕ್ರಿ!" ಎಂದು ಕೂಗುವರು. ಕೆಂಪು ಬಲ್ಬು ಇತ್ತೇನೋ ಸರಿ, ಆದರೆ ಕರೆಂಟು ಇರಬೇಕಲ್ಲ? ಎದುರುಮನೆಯ ಅಜ್ಜಿ ಕತ್ತಲಲ್ಲೇ ಕೈಮುಗಿದು, "ಅವಕ್ಕ ನಾ ಕಾಣಂಗಿಲ್ಲ, ನನಗ ಅವು ಕಾಣಂಗಿಲ್ಲ. ಹಿಸಾಬ್ ಬರೋಬ್ಬರ್ ಅದ" ಎಂದು ಹೊರಗೆ ಬಂದರು.

ಕೊನೆಗೊಂದು ದಿನ ಗೌಂಡಿ ಉಳಿ ಸುತ್ತಿಗೆ ಹಿಡಿದು ಬಂದೇಬಿಟ್ಟ. ನಾನೂ ಅಂದು ಅಲ್ಲಿದ್ದೆ. ಸಾಮಾನು ಸರಿಸಲೆಂದು ಕಾಕು ಆ ಕೋಣೆಗೆ ಕಾಲಿಟ್ಟರು. ಇಷ್ಟು ವರ್ಷ "ಫೋಟೋ ಕೆಡ್ತಾವ" ಎಂಬ ಒಂದೇ ಮಾತಿಗೆ ಅವರು ಹೊರಗೇ ನಿಂತಿದ್ದರು. ಹಿಂದೆಯೇ ನಾನು. ಒಳಗಿದ್ದ ಕಾಕಾ, "ಬಾಗಿಲಾ ಹಾಕವಾ" ಎಂದರು. ಹಾಕಿದೆ. ಕರೆಂಟು ಇರಲಿಲ್ಲ.

"ನೀರಾಗ ಕೈ ಇಡು," ಕಾಕಾನ ದನಿ.

ಬಳೆಗಳು ಗಾಜಿಗೆ ತಾಗಿದ ಸದ್ದು. ಆಮೇಲೆ, "ಅಯ್ಯ, ಬಂದಾವ್ರಿ! ಬೆರಳಿಗೆ ಬಂದು ಮುಟ್ಟಾಕತ್ತಾವ!"

"ನೋಡಾಕತ್ತಾವ. ಅವು ನೋಡೋದು ಹಂಗ."

ಆಮೇಲೆ ಕಾಕು ಕೇಳಿದರು. ದನಿಯಲ್ಲಿ ಈ ಸಲ ಚುಚ್ಚು ಇರಲಿಲ್ಲ.

"ನನ್ನ ಫೋಟೋಕ್ಕ ಕಣ್ಣ ಯಾಕ ಬರೀಲಿಲ್ರಿ?"

"ಹ್ಯಾಂಗ ಬರೀಲಿ? ಆವಾಗ ನೀ ಇನ್ನೂ ನನ್ನ ಕಣ್ಣೆತ್ತಿ ನೋಡಿದ್ದಿಲ್ಲ. ನಿನ್ನ ಕಣ್ಣ ಹ್ಯಾಂಗ ಅವ ಅಂತ ನನಗ ಗೊತ್ತಿದ್ದಿಲ್ಲ."

"ಆಮ್ಯಾಲ?"

"ಆಮ್ಯಾಲ ಗೊತ್ತಾತು. ಆ ಬ್ರಶ್‌ಗೆ ಬರೋವಂಥವಲ್ಲ ಬಿಡು."

ನಾನೂ ಅಲ್ಲಿದ್ದೇನೆಂಬುದನ್ನು ಇಬ್ಬರೂ ಮರೆತಿದ್ದರು. ಗೋಡೆಗೆ ಅಂಟಿಕೊಂಡು ಉಸಿರು ಬಿಗಿಹಿಡಿದೆ.

ಹೊರಗಿನಿಂದ ಗೌಂಡಿ ಕೂಗಿದ: "ಅವ್ವಾರ, ಕಿಡಕಿ ಎಲ್ಲಿ ಹೊಡೀಲ್ರಿ?"

"ಅಡಗಿ ಮನ್ಯಾಗ ಹೊಡಿಯಪ್ಪಾ," ಎಂದರು ಕಾಕು. ಬಳೆಗಳ ಸದ್ದು ಇನ್ನೂ ಗಾಜಿನ ಹತ್ತಿರವೇ ಇತ್ತು. "ಇಲ್ಲಿ ಬಾಗಿಲಾ ತಗೀಬ್ಯಾಡ."