ಚಪ್ಪಡಿ ಮೇಲಿನ ಮೂರೂವರೆ ಲೀಟರ್

ರುದ್ರಾಣಿ: ಇನ್ನೊಂದು ತೊಟ್ಟು ಹಾಕಿದ್ರೆ ಆ ಡಬ್ಬ ಕಿತ್ಕೊಂಡು ಒಳಗೆ ಹೋಗ್ತೀನಿ.

ಶೇಖರಪ್ಪ: ಎಂಜಿನ್ ಆಯಿಲ್ ಅಳೆಯೋ ಕಡ್ಡಿ ನೋಡೇ. ಕೆಳಗಿನ ಗೆರೆಗೂ ಎಣ್ಣೆ ಮುಟ್ಟಿಲ್ಲ.

ಜೋಗುಪಾಳ್ಯದ ಗಲ್ಲಿಯಲ್ಲಿ ಶೇಖರಪ್ಪನವರ ಸೆಕೆಂಡ್ ಹ್ಯಾಂಡ್ ಕಾರು ಬಾನೆಟ್ ಎತ್ತಿಕೊಂಡು ನಿಂತಿತ್ತು. ಎರಡು ಚಕ್ರ ಚರಂಡಿ ಚಪ್ಪಡಿಯ ಮೇಲೆ, ಇನ್ನೆರಡು ರಸ್ತೆಯ ಮೇಲೆ. ಮನೆ ಮುಂದೆಯೇ ಜಾಗ ಸಿಕ್ಕಿದ್ದು ಪುಣ್ಯ ಅಂತ ಮಹಾನುಭಾವರು ಎರಡು ತಿಂಗಳಿಂದ ಕಾರನ್ನು ಕದಲಿಸಿರಲಿಲ್ಲ. ಆಯಿಲ್ ಬದಲಾಯಿಸೋಕೂ ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿದರು. ಅವನು ಹಳೇ ಆಯಿಲ್ ಇಳಿಸಿ, ಹೊಸ ಫಿಲ್ಟರ್ ಹಾಕಿ, ಫೋನ್ ಬಂತು ಅಂತ ಓಡಿಹೋದ. ಮಿಕ್ಕ ಕೆಲಸ ಯಜಮಾನರ ಕೈಗೆ ಬಂತು. ಅತ್ತ ಕೆ.ಆರ್. ಪುರದಲ್ಲಿ ಇವತ್ತೇ ರುದ್ರಾಣಿಯ ತಂಗಿ ಪ್ರತಿಭಾಳ ಗೃಹಪ್ರವೇಶ. ಊಟದ ಹೊತ್ತಿಗಾದರೂ ಸ್ವಂತ ಕಾರಲ್ಲಿ ಹೋಗಿ ಇಳಿಯಬೇಕು ಅಂತ ಆಕೆ ರೇಷ್ಮೆ ಸೀರೆ ಉಟ್ಟು ಒಂದು ಗಂಟೆಯಾಗಿತ್ತು.

ರುದ್ರಾಣಿ: ಕಾರಿನ ಪುಸ್ತಕದಲ್ಲಿ ಎಷ್ಟು ಅಂತಿದೆ?

ಶೇಖರಪ್ಪ: ಫಿಲ್ಟರ್ ಸೇರಿ ಮೂರೂವರೆ ಲೀಟರ್.

ರುದ್ರಾಣಿ: ಎಷ್ಟು ಹಾಕಿದೀರಿ?

ಶೇಖರಪ್ಪ: ಮೂರೂವರೆ.

ರುದ್ರಾಣಿ: ಮುಗೀತಲ್ಲ.

ಶೇಖರಪ್ಪ: ಫೋನಲ್ಲಿ ಮೂರು ಅಂತಿದೆ.

ರುದ್ರಾಣಿ: ಹಾಗಾದ್ರೆ ಅರ್ಧ ಜಾಸ್ತೀನೇ ಆಯ್ತು.

ಶೇಖರಪ್ಪ: ಅದು ಬೇರೆ ಎಂಜಿನ್‌ದು ಕಣೆ. ಶಿವಾಜಿನಗರದ ಅಂಗಡಿಯವನು ನಾಲ್ಕು ಅಂದ.

ರುದ್ರಾಣಿ: ಅವನ ಹತ್ರ ಇದ್ದಿದ್ದು ನಾಲ್ಕು ಲೀಟರ್ ಡಬ್ಬ. ಐದರದ್ದು ಇದ್ದಿದ್ರೆ ಐದು ಅಂತಿದ್ದ.

ಶೇಖರಪ್ಪ: ಮಿಕ್ಕಿರೋ ಅರ್ಧ ಲೀಟರ್ ಏನ್ ಮಾಡ್ಲಿ? ಒಗ್ಗರಣೆಗೆ ಹಾಕ್ತೀಯಾ?

ರುದ್ರಾಣಿ: ನಿಮ್ಮ ಮಂಡಿಗೆ ಹಚ್ತೀನಿ. ಆಗಲಾದ್ರೂ ಈ ಜಾಗ ಬಿಟ್ಟು ಕದಲ್ತೀರೇನೋ.

ಆಕೆ ನಾಲ್ಕು ಹೆಜ್ಜೆ ಹಿಂದೆ ಸರಿದು ತಲೆ ವಾಲಿಸಿ ಕಾರನ್ನು ನೋಡಿದಳು.

ರುದ್ರಾಣಿ: ರೀ, ನಮ್ಮ ಸ್ಟವ್ ವಾಲಿದಾಗ ಹೆಂಚಿನ ಮೇಲೆ ಎಣ್ಣೆ ಎಲ್ಲಿಗೆ ಹೋಗ್ತಿತ್ತು?

ಶೇಖರಪ್ಪ: ಈಗ ಹೆಂಚು ಯಾಕೆ ಬಂತು?

ರುದ್ರಾಣಿ: ಕಾರು ಸೊಟ್ಟಗೆ ನಿಂತಿದೆ. ಎಣ್ಣೆ ಆ ಕಡೆ ಹೋಗಿ ಕೂತಿದೆ, ಕಡ್ಡಿ ಈ ಕಡೆ ಇದೆ. ಸಮ ನೆಲದಲ್ಲಿ ನಿಲ್ಲಿಸಿ ನೋಡಿ.

ಪುಸ್ತಕದಲ್ಲೂ ಅದೇ ಬರೆದಿತ್ತು. ಶೇಖರಪ್ಪನವರು ಬೆಳಗಿನಿಂದ ಆ ಸಾಲಿನ ಮೇಲೇ ಹೆಬ್ಬೆರಳಿಟ್ಟು ಪುಸ್ತಕ ಹಿಡಿದಿದ್ದರು, ಪಾಪ.

ಶೇಖರಪ್ಪ: ನಾನು ತೆಗೆದ್ರೆ ಆ ಮುನಿಶಾಮಿ ತಂದು ನಿಲ್ಲಿಸ್ತಾನೆ. ಎದುರು ಮನೆ ಬಾಗಿಲಲ್ಲಿ ಕೀ ತಿರುಗಿಸ್ಕೊಂಡು ನಿಂತಿದಾನೆ, ಕಾಣ್ತಿಲ್ವಾ?

ರುದ್ರಾಣಿ: ಇಲ್ಲಿ ಕುರ್ಚಿ ಹಾಕ್ಕೊಂಡು ನಾನು ಕೂತ್ಕೋತೀನಿ.

ಶೇಖರಪ್ಪ: ಯಾರು ಬಂದ್ರೂ ಏಳ್ಬಾರ್ದು.

ರುದ್ರಾಣಿ: ಹೋಗ್ರೀ, ಹೊತ್ತಾಯ್ತು.

ಶೇಖರಪ್ಪನವರು ಹಿಂದೆ ತಿರುಗಿ ನೋಡುತ್ತಲೇ ಗಲ್ಲಿ ತುದಿಯ ಸ್ಕೂಲಿನ ಮುಂದೆ ಸಮ ನೆಲದಲ್ಲಿ ಕಾರು ನಿಲ್ಲಿಸಿದರು. ಹತ್ತು ನಿಮಿಷ ಕಾದು, ಕಡ್ಡಿ ಒರೆಸಿ, ಅದ್ದಿ ಎತ್ತಿದರು. ಎಣ್ಣೆ ಮೇಲಿನ ಗೆರೆಗೆ ಸರಿಯಾಗಿ ಬಂದು ನಿಂತಿತ್ತು. ಜೀವ ಬಂದಂತಾಗಿ ವಾಪಸ್ ಬಂದರೆ, ಚಪ್ಪಡಿಯ ಮೇಲೆ ಮುನಿಶಾಮಿಯ ಕಾರು. ಪಕ್ಕದಲ್ಲಿ ಉಡುಗೊರೆ ಚೀಲ ಹಿಡಿದ ರುದ್ರಾಣಿ.

ಶೇಖರಪ್ಪ: ಜಾಗ?

ರುದ್ರಾಣಿ: ಎಣ್ಣೆ?

ಶೇಖರಪ್ಪ: ಮೂರೂವರೆಗೇ ಸರಿಯಾಗಿದೆ. ಜಾಗ ಎಲ್ಲೇ?

ರುದ್ರಾಣಿ: ಎಣ್ಣೆ ಸರಿಯಾಗಿದೆ ಅಂದ್ರೆ ಮನೇಲಿ ಕೂರೋಕೆ ನಿಮಗೆ ಬೇರೆ ನೆಪ ಇಲ್ಲ. ಸಂಜೆವರೆಗೆ ನಿಲ್ಲಿಸ್ಕೊಳ್ಳಿ ಅಂತ ನಾನೇ ಕೊಟ್ಟೆ.

ಆಕೆ ಬಾಗಿಲು ತೆಗೆದು ಮುಂದಿನ ಸೀಟಲ್ಲಿ ಕೂತು ಸೆರಗು ಸರಿಮಾಡಿಕೊಂಡಳು. ಕಾರು ಟಿನ್ ಫ್ಯಾಕ್ಟರಿ ಸ್ಟಾಪ್ ದಾಟಿದರೂ ಶೇಖರಪ್ಪನವರಿಗೆ ಆ ಜಾಗದ್ದೇ ಚಿಂತೆ.

ಶೇಖರಪ್ಪ: ಸಂಜೆ ಅವನು ಬಿಟ್ಕೊಡ್ತಾನೆ ಅಂದ್ಕೊಂಡಿದೀಯಾ?

ರುದ್ರಾಣಿ: ಅವರೂ ಮೊನ್ನೆ ಆಯಿಲ್ ಹಾಕಿಸಿದಾರಂತೆ. ಸಂಜೆ ಕಡ್ಡಿ ಎತ್ತಿ ನೋಡಿ, ಕಮ್ಮಿ ಕಂಡ್ರೆ ಸ್ಕೂಲ್ ಮುಂದೆ ಸಮ ನೆಲಕ್ಕೆ ತಗೊಂಡೋಗಿ ಅಂತ ಹೇಳಿದೀನಿ. ಆ ಚಪ್ಪಡಿ ಮೇಲೆ ಕಮ್ಮೀನೇ ಕಾಣೋದು. ಜಾಗ ಕಾಯೋಕೆ ಕುರ್ಚಿ ಹಾಕ್ಕೊಂಡು ನಾನೇ ಕೂತಿರ್ತೀನಿ ಅಂತಾನೂ ಹೇಳಿದೀನಿ.