ಬಾಡಿಗೆಯ ಷರತ್ತು ಮತ್ತು ಶುಕ್ರವಾರದ ಮೆಂತ್ಯೆ

ಮನೆ ಬಾಡಿಗೆಗೆ ಕೊಡುವವರಿಗೆ ನನ್ನದೊಂದು ಬುದ್ಧಿಮಾತು: ದಯವಿಟ್ಟು ಷರತ್ತು ಹಾಕಬೇಡಿ. ಬಂದವರು ಷರತ್ತು ಮುರಿದರೆ ಜಗಳವಾಡಿ ಸಮಾಧಾನ ಮಾಡಿಕೊಳ್ಳಬಹುದು. ಚಾಚೂತಪ್ಪದೆ ಪಾಲಿಸಿಬಿಟ್ಟರೆ ಏನು ಮಾಡುತ್ತೀರಿ? ಪಟ್ಟ ಪಾಡನ್ನು ನೆನೆದರೆ ನನಗೆ ಈಗಲೂ ಕಣ್ಣು ಉರಿಯುತ್ತದೆ.

ದೇವಸುಗೂರಿನ ಕಡೆ ವಿದ್ಯುತ್ ಸ್ಥಾವರ ಏಳುತ್ತಿದ್ದ ಕಾಲವದು. ರಾಯಚೂರಿನ ತುಂಬ ಮನೆ ಹುಡುಕುವ ಇಂಜಿನಿಯರುಗಳು. ನಮ್ಮ ಮನೆಯ ಮುಂದಿನ ಕೋಣೆಗಳಿಗೆ ಸೊಲೊಮನ್ ಎಂಬುವವರು ಹೆಂಡತಿ ಸಾರಾಬಾಯಿಯವರೊಡನೆ ಬಂದರು. ಮುಂಬಯಿಯ ಯಹೂದ್ಯರು. ಮಾನ್ವಿಯ ಹೈಸ್ಕೂಲಿನಲ್ಲಿ ಮಾಸ್ತರನಾಗಿದ್ದ ನನಗೆ ಯಹೂದ್ಯರೆಂದರೆ ಚರಿತ್ರೆ ಪಾಠದ ಒಂದು ಪ್ಯಾರಾ, ಅಷ್ಟೇ. ಆದರೂ ಗತ್ತಿನಿಂದ, “ನಮ್ಮದು ಶುದ್ಧ ಶಾಕಾಹಾರಿ ಮನಿರೀ. ಮಾಂಸ ಹೊಸ್ತಿಲ ದಾಟಂಗಿಲ್ಲ” ಎಂದೆ. ಸೊಲೊಮನ್ ನಕ್ಕರು. ಅವರ ಧರ್ಮದ ಪ್ರಕಾರ ಕೊಯ್ದ ಮಾಂಸ ಈ ಊರಿನಲ್ಲಿ ಹೇಗೂ ಸಿಗುವುದಿಲ್ಲವಂತೆ, ಚಿಂತೆ ಬೇಡವೆಂದರು. ಗೆದ್ದೆನೆಂದುಕೊಂಡು ಬೀಗದಕೈ ಕೊಟ್ಟೆ.

ಅವರ ಧರ್ಮದಲ್ಲಿ ಹುಳವನ್ನೂ ತಿನ್ನುವಂತಿಲ್ಲ ಎಂಬುದು ಆಮೇಲೆ ತಿಳಿಯಿತು. ನಾವೇನು ತಿನ್ನುತ್ತೇವೆಯೇ ಎಂದು ನಾನೂ ಕೇಳಿದೆ. ಕೇಳಬಾರದಿತ್ತು. ಸೊಪ್ಪು ತಂದರೆ ಉಪ್ಪುನೀರಿನಲ್ಲಿ ನೆನೆಹಾಕಬೇಕು, ಜಾಲಿಸಬೇಕು, ಮತ್ತೆ ತೊಳೆಯಬೇಕು, ಕೊನೆಗೆ ಒಂದೊಂದೇ ಎಲೆಯನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಬೇಕು. ಬಸುರಿಯಾದ ಸಾರಾಬಾಯಿ ಈ ಉಸಾಬರಿಯೇ ಬೇಡವೆಂದು ಸೊಪ್ಪು ಬಿಟ್ಟು ಆಲೂಗಡ್ಡೆಗೆ ಇಳಿದಿದ್ದರು. ಅಷ್ಟರಲ್ಲಿ ಸೊಲೊಮನ್ನರ ತಾಯಿ ಬಂದರು. ಸೊಲ್ಲಾಪುರದಲ್ಲಿ ಸಂಸಾರ ಮಾಡಿ ಕನ್ನಡ ಕಲಿತವರು. ಎಲ್ಲರಿಗೂ ಅವರು ಆಯಿ. ಸೊಸೆಯ ಬಿಳಿಚಿದ ಮುಖ ನೋಡಿದವರೇ, “ಬಸುರಿ ಹೆಣ್ಮಗಳಿಗೆ ತಪ್ಪಲಪಲ್ಯ ಇಲ್ಲಂದ್ರ ಹೆಂಗ? ಈ ಶುಕ್ರವಾರದ ಊಟಕ್ಕ ಆಗ್ಲಿಲ್ಲಂದ್ರ ಐತವಾರ ನಾ ಆಕಿನ್ನ ಮುಂಬಯಿಗೆ ಕರಕೊಂಡು ಹೋಗ್ತೀನಿ” ಎಂದುಬಿಟ್ಟರು.

ನನ್ನ ಹೆಂಡತಿ ದೇವದುರ್ಗದವಳು. ಆ ಕಡೆಯವರೆಲ್ಲ ಹಾಗೆಯೋ ಇವಳೊಬ್ಬಳೇ ಹೀಗೆಯೋ ತಿಳಿಯದು, ತಪ್ಪು ಯಾರದೇ ಇರಲಿ, ಅದು ನನ್ನ ಹತ್ತಿರ ಬಂದೇ ನಿಲ್ಲುತ್ತದೆ. ಸಾರಾಬಾಯಿ ಅವಳಿಗೆ ಒಡಹುಟ್ಟಿದ ತಂಗಿಯಂತೆ ಆಗಿದ್ದರು. “ಮಾಂಸ ಬ್ಯಾಡ ಅಂದೋರು ನೀವ. ಈಗ ಸೊಪ್ಪರ ತಿನ್ಲಿ, ನೀವ ತಂದು ನೀವ ಹಸನ ಮಾಡಿ ಕೊಡ್ರಿ. ಆಕಿ ಹ್ವಾದಳಂದ್ರ ನಾ ನಿಮ್ಮ ಕೂಡ ಮಾತಾಡಂಗಿಲ್ಲ ನೋಡ್ರಿ” ಎಂದಳು. ಮಾತು ಬಿಟ್ಟರೆ ಮನೆ ಶಾಂತವಾಗಿರುತ್ತದೆ ಎಂಬ ಆಸೆ ಒಂದು ಗಳಿಗೆ ನನ್ನ ತಲೆಯಲ್ಲಿ ಸುಳಿದದ್ದು ನಿಜ. ಆದರೆ ಮಾತು ಬಿಟ್ಟವಳು ಚಹಾ ಮಾಡುತ್ತಾಳೆಂಬ ನಂಬಿಕೆ ಇರಲಿಲ್ಲ.

ಶುಕ್ರವಾರ ಮಾನ್ವಿಯಿಂದ ಬರುವಾಗ ಬಸ್ಸು ಕಲ್ಲೂರಿನಲ್ಲಿ ನಿಂತಿತು. ಕಿಟಕಿಯಿಂದಲೇ ಮೆಂತ್ಯೆಸೊಪ್ಪು ಕೊಂಡೆ. ಮೆಂತ್ಯೆ! ಅಗಲ ಎಲೆಯ ಪುಂಡಿಯನ್ನಾದರೂ ತರುವ ಬುದ್ಧಿ ನನಗಿರಲಿಲ್ಲ. ಮನೆಗೆ ಬಂದು ಉಪ್ಪುನೀರಿನಲ್ಲಿ ನೆನೆಹಾಕಿ ತೊಳೆದು, ಬಿಳೀ ಪಂಚೆ ಹಾಸಿ ಕಿಟಕಿಯ ಬಳಿ ಕುಳಿತೆ. ಹೊತ್ತು ಮುಳುಗುವುದರೊಳಗೆ ಅಡುಗೆ ಮುಗಿಯಬೇಕು, ಆಮೇಲೆ ಶನಿವಾರ ಸಂಜೆಯವರೆಗೆ ಅವರಿಗೆ ಸಬ್ಬತ್ತಿನ ವಿಶ್ರಾಂತಿ, ಒಲೆ ಮುಟ್ಟುವಂತಿಲ್ಲ. ಅಷ್ಟು ಸಣ್ಣ ಎಲೆಯ ಮೇಲೆ ಸೊಪ್ಪಿನದೇ ಬಣ್ಣದ ಹೇನು! ಮೂಗಿನ ತುದಿಗೆ ಕನ್ನಡಕ, ಸೊಂಟ ನೋವು, ಹೊಟ್ಟೆಯಲ್ಲಿ ಹಸಿವು. ಮುಗಿಯಿತೆಂದು ಆಯಿಯ ಮುಂದಿಟ್ಟರೆ ಅವರು ನಾನು ಪಾಸು ಮಾಡಿದ ಎಲೆಯೊಂದನ್ನು ಎತ್ತಿ, ಅದರ ಬೆನ್ನ ಮೇಲಿದ್ದವನನ್ನು ತೋರಿಸಿ, “ಮಾಸ್ತರ್ರೆ, ಹುಡುಗ್ರ ಪೇಪರನೂ ಹಿಂಗ ನೋಡ್ತೀರೇನ್ರಿ?” ಎಂದರು. ಮತ್ತೆ ಉಪ್ಪುನೀರು. ಮತ್ತೆ ಕಿಟಕಿ. ಸೂರ್ಯ ಎದುರು ಮಾಳಿಗೆಗೆ ತಾಗುವ ಹೊತ್ತಿಗೆ ಆಯಿ “ಆತು” ಎಂದರು. ಆ ರಾತ್ರಿ ಸಾರಾಬಾಯಿ ಮತ್ತೆ ಮತ್ತೆ ಬಡಿಸಿಕೊಂಡು ಉಂಡರಂತೆ. ಕೇಳಿ, ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೂ ಸಂತೋಷವಾಯಿತು.

ಭಾನುವಾರ ಆಯಿ ಟ್ರಂಕು ಕಟ್ಟಲಿಲ್ಲ. ಆ ಖುಷಿಗೆ ನನ್ನ ಹೆಂಡತಿ ಒಂದು ಬಟ್ಟಲ ತುಂಬ ಹಸೀ ಹಕ್ಕರಕಿ ಸೊಪ್ಪು ಕೊಟ್ಟು ನನ್ನನ್ನು ಆಯಿಯ ಹತ್ತಿರ ಕಳಿಸಿದಳು. ಹಲ್ಲು ಬಂದಾಗಿನಿಂದ ನಾನು ರೊಟ್ಟಿಯ ಜೊತೆ ಕಚಕಚನೆ ಅಗಿದು ತಿಂದ ಸೊಪ್ಪು. ನಮ್ಮ ಮನೆಯಲ್ಲಿ ಅದನ್ನು ನೀರಿಗೊಮ್ಮೆ ತೋರಿಸಿದರೆ ತೀರಿತು. ಆಯಿ ಒಂದು ಎಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಇಣುಕಿದೆ. ಅದರ ಮೇಲೆ ಒಂದು ಸಂಸಾರವೇ ಓಡಾಡುತ್ತಿತ್ತು.

ಆಯಿ ಬಟ್ಟಲನ್ನು ಮೆಲ್ಲಗೆ ನನ್ನ ಕೈಗೇ ಕೊಟ್ಟು, “ಬ್ಯಾಸರ ಮಾಡ್ಕೋಬ್ಯಾಡ್ರಿ ಮಾಸ್ತರ್ರೆ. ಈ ಮನ್ಯಾಗ ಮಾಂಸ ನಡೆಯಂಗಿಲ್ಲ ಅಂತ ನೀವ ಅಂದಿದ್ರಂತಲ್ಲ” ಎಂದರು.

ತುಂಬಿದ ಬಟ್ಟಲು ಹಿಡಿದು ಒಳಗೆ ಬಂದೆ. “ಯಾಕ, ತಗೊಳ್ಳಿಲ್ಲೇನು?” ಎಂದು ಹೆಂಡತಿ ಕೇಳಿದಳು.

“ಇಲ್ಲ. ಅವರು ಶುದ್ಧ ಶಾಕಾಹಾರಿಗಳು. ನಮ್ಮಂಥೋರ ಮನ್ಯಾಗಿಂದು ಒಲ್ಲೆ ಅಂದ್ರು” ಎಂದೆ.