ಅಧ್ಯಕ್ಷರ ಸೀನನ್ನು ಅನುಮತಿಯಿಲ್ಲದೆ ಒರೆಸಿದ ಬಗ್ಗೆ

ಇಂದ:
ಹಿರಿಯ ತಂತ್ರಜ್ಞೆ (ಜೀವಾಣು ಎಣಿಕೆ),
ಸದ್ಯ ಕ್ಯಾಂಟೀನಿಗೆ ನಿಯೋಜಿತಳು,
ರಾಷ್ಟ್ರೀಯ ಬಾಹ್ಯಾಕಾಶ ಸಂಸ್ಥೆ.

ಗೆ:
ಗ್ರಹ ಸಂರಕ್ಷಣಾಧಿಕಾರಿಗಳು
(ಹುದ್ದೆ ಮೂರು ವರ್ಷಗಳಿಂದ ಖಾಲಿ ಇರುವ ಕಾರಣ, ಪ್ರಭಾರದಲ್ಲಿರುವ ಉದ್ಯಾನ ಮತ್ತು ವಾಹನ ನಿಲುಗಡೆ ಅಧಿಕಾರಿಗಳು).

ವಿಷಯ: ಕೊಳಕಾಗಿರದ ಫಲಕವನ್ನು ಆದೇಶವಿಲ್ಲದೆ ಸ್ವಚ್ಛಗೊಳಿಸಿದ ಆರೋಪಕ್ಕೆ ವಿವರಣೆ ಹಾಗೂ ಕೋರಿಕೆ.

ಉಲ್ಲೇಖ: 1. ತಮ್ಮ ಕಾರಣ ಕೇಳುವ ನೋಟಿಸು.
2. ಸದರಿ ನೋಟಿಸು ಅರ್ಥವಾಗಲಿಲ್ಲವೆಂದು ಅರ್ಜಿದಾರಳು ಬರೆದ ಪತ್ರ.
3. ಸದರಿ ಪತ್ರ ತಲುಪಿಲ್ಲವೆಂದು ತಾವು ಅದೇ ಪತ್ರದ ಹಿಂಬದಿಯಲ್ಲಿ ಬರೆದು ಕಳಿಸಿದ ಉತ್ತರ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ತಮ್ಮ ಅವಗಾಹನೆಗೆ ತರುವುದೇನೆಂದರೆ:

1. ತಾವು ಈ ವಿಭಾಗಕ್ಕೆ ಹೊಸಬರಾದ್ದರಿಂದ ಮೊದಲು ಕೆಲಸದ ವಿವರ. ಸಂಸ್ಥೆಯು ಕೆಂಪು ಗ್ರಹಕ್ಕೆ ನೌಕೆ ಕಳಿಸುವಾಗ ಭೂಮಿಯ ಜೀವಾಣುಗಳು ಟಿಕೆಟ್ಟಿಲ್ಲದೆ ಅದನ್ನು ಹತ್ತಿ ಹೋಗಬಾರದು. ಹೋದರೆ, ಅಲ್ಲಿ ಜೀವ ಸಿಕ್ಕಿತೆಂದು ಲೋಕಕ್ಕೆಲ್ಲ ಡಂಗುರ ಸಾರಿದ ಮೇಲೆ ಅದು ನಮ್ಮದೇ ಮೂಗಿನದೆಂದು ಗೊತ್ತಾಗಿ ತಲೆ ತಗ್ಗಿಸಬೇಕಾಗುತ್ತದೆ. ಅಲ್ಲಿ ನಿಜಕ್ಕೂ ಏನಾದರೂ ತನ್ನ ಪಾಡಿಗೆ ಬದುಕಿದ್ದರೆ ಅದಕ್ಕೆ ನಮ್ಮಿಂದ ಕುತ್ತು. ಆದ್ದರಿಂದ ನೌಕೆಯ ಮೇಲೆ ಚದರ ಮೀಟರಿಗೆ ಮುನ್ನೂರಕ್ಕಿಂತ ಹೆಚ್ಚು ಜೀವಾಣು ಇರಕೂಡದೆಂದು ನಿಯಮ. ಒದ್ದೆ ಹತ್ತಿಯಿಂದ ನೌಕೆಯನ್ನು ಒರೆಸಿ, ಆ ಹತ್ತಿಯನ್ನು ಗಾಜಿನ ತಟ್ಟೆಗೆ ಸವರಿ, ತಟ್ಟೆಯನ್ನು ಮೂರು ದಿನ ಬೆಚ್ಚಗಿಟ್ಟು, ಮೂಡಿದ ಚುಕ್ಕೆಗಳನ್ನು ಎಣಿಸುವುದು ಅರ್ಜಿದಾರಳ ಕೆಲಸ. ಹನ್ನೊಂದು ವರ್ಷದಿಂದ ಎಣಿಸುತ್ತಿದ್ದಾಳೆ.

2. ನೌಕೆ ಹೊರಡಲು ತಿಂಗಳಿರುವಾಗ ಅಧ್ಯಕ್ಷರು ಫೋಟೋ ತೆಗೆಸಿಕೊಳ್ಳಲು, ನೌಕೆಯನ್ನು ಜೋಡಿಸುವ ಸ್ವಚ್ಛ ಕೋಣೆಗೆ ದಯಮಾಡಿಸಿದರು. ಅರ್ಜಿದಾರಳು ಮಾಸ್ಕು, ಕೈಗವಸು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಮುಖ ಮುಚ್ಕೊಂಡ್ರೆ ಫೋಟೋದಲ್ಲಿರೋದು ನಾನೇ ಅಂತ ಹೇಗಮ್ಮಾ ಗೊತ್ತಾಗೋದು?" ಎಂದು ಅಧ್ಯಕ್ಷರು ನಕ್ಕರು. ಹಿಂದಿದ್ದ ಹದಿನಾಲ್ಕು ಮಂದಿ ಅಧಿಕಾರಿಗಳೂ ನಕ್ಕರು. ಅಧ್ಯಕ್ಷರು ನೌಕೆಯ ಪಕ್ಕದ ಫಲಕವನ್ನು ಮಗುವಿನ ಬೆನ್ನು ತಟ್ಟಿದಂತೆ ಬರಿಗೈಯಲ್ಲಿ ತಟ್ಟಿದರು. ಕ್ಯಾಮೆರಾ ಫಳಕ್ಕೆಂದಿತು. ಆ ಬೆಳಕಿಗೋ ಏನೋ, ಅಧ್ಯಕ್ಷರು ಸೀನಿದರು. ಎರಡು ಸಲ. ಎರಡನೆಯದು ಸದರಿ ಫಲಕದ ಮೇಲೆ.

ಹದಿನಾಲ್ಕು ಮಂದಿಯಲ್ಲಿ ಒಬ್ಬರಿಗೂ ಆ ಸದ್ದು ಕೇಳಿಸಲಿಲ್ಲವೆಂಬುದು ಅವರವರ ಲಿಖಿತ ಹೇಳಿಕೆಗಳಿಂದ ದೃಢಪಟ್ಟಿದೆ.

3. ಹಿಂದಿನ ವಾರ ಸದರಿ ಫಲಕದ ಎಣಿಕೆ ಚದರ ಮೀಟರಿಗೆ ಹನ್ನೆರಡು. ಸೀನಿನ ನಂತರ ಸಾವಿರದ ಒಂಬೈನೂರ ನಲವತ್ತು. ಅರ್ಜಿದಾರಳು ವರದಿಯನ್ನು ವಿಭಾಗದ ಮುಖ್ಯಸ್ಥರ ಮೇಜಿನ ಮೇಲಿಟ್ಟಳು.

"ಏನಮ್ಮಾ ಇದು?"

"ಸೀನು ಸರ್. 'ಮಲಿನವಾಗಲು ಕಾರಣ' ಅಂತ ಕಾಲಂ ಇದ್ಯಲ್ಲ, ಅಲ್ಲಿ ಬರ್ದಿದೀನಿ."

"ಅಲ್ಲಿ ಅಧ್ಯಕ್ಷರ ಮೂಗು ಬರ್ದು, ಕೆಳಗೆ ನಾನು ಸಹಿ ಹಾಕ್ಬೇಕಾ? ನನಗೂ ಹೆಂಡ್ತಿ ಮಕ್ಕಳಿದಾರಮ್ಮ." ಮುಖ್ಯಸ್ಥರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಒಂದು ಕೆಲ್ಸ ಮಾಡು. ಬರೀ ಫಲಕದ್ದು ಯಾಕೆ ಹಾಕ್ತೀಯ? ಕೋಣೆಯ ನಾಲ್ಕು ಗೋಡೆನೂ ಸೇರಿಸಿ ಸರಾಸರಿ ತೆಗಿ. ನೂರೂ ದಾಟಲ್ಲ."

"ಗೋಡೆ ಹಾರಲ್ಲ ಸರ್."

ಮುಖ್ಯಸ್ಥರು ಕೆಟ್ಟವರೇನಲ್ಲ. ಅವರು ವರದಿಯನ್ನು ಹರಿಯಲಿಲ್ಲ, ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು.

4. ಫಲಕವನ್ನು ಸ್ವಚ್ಛಗೊಳಿಸಲು ಇಬ್ಬರಿಗೆ ನಾಲ್ಕು ಗಂಟೆ ಸಾಕು. ಆದರೆ ಸ್ವಚ್ಛಗೊಳಿಸಲು ಆದೇಶ ಬೇಕು, ಆದೇಶ ಹೊರಡಲು ಫಲಕ ಕೊಳಕಾಗಿರಬೇಕು, ಕೊಳಕಾಗಿದ್ದರೆ ಅದಕ್ಕೊಂದು ಕಾರಣವಿರಬೇಕು, ಕಾರಣವಾದರೋ ಅಧ್ಯಕ್ಷರು. ಆದ್ದರಿಂದ ಫಲಕ ಕೊಳಕಾಗಿಲ್ಲ. ಕಾರಣ, ಸ್ವಚ್ಛಗೊಳಿಸುವ ಪ್ರಶ್ನೆಯೇ ಉದ್ಭವಿಸುವುದಿಲ್ಲ. ಇಷ್ಟನ್ನು ನಿರ್ಧರಿಸಲು ಸಮಿತಿಯೊಂದು ಹತ್ತೊಂಬತ್ತು ದಿನ ಕೂತಿತು. ಸೀನು ಎಂಬುದು ಘಟನೆಯೋ ಅಥವಾ ಅಭಿಪ್ರಾಯವೋ ಎಂಬ ಚರ್ಚೆಗೇ ಎರಡು ಸಭೆ ಹಿಡಿದವು. ಅಷ್ಟರಲ್ಲಿ ಶನಿವಾರ ಬಂದಿತ್ತು. ಸೋಮವಾರ ನೌಕೆಯನ್ನು ರಾಕೆಟ್ಟಿನೊಳಗಿಟ್ಟು ಮುಚ್ಚಿದರೆ ಆಮೇಲೆ ಯಾರೂ ಕೈಯಿಡುವಂತಿರಲಿಲ್ಲ.

5. ಈ ಅಂಶ ಕಡತಕ್ಕೆ ಸಂಬಂಧಿಸಿದ್ದಲ್ಲ. ತಾವು ಬಿಟ್ಟು ಓದಬಹುದು. ಕೆಲವು ವರ್ಷಗಳ ಹಿಂದೆ ಅರ್ಜಿದಾರಳ ತಾಯಿ ಮೊಣಕಾಲಿನ ಸಣ್ಣದೊಂದು ಆಪರೇಷನ್ನಿಗೆಂದು ಆಸ್ಪತ್ರೆಗೆ ತಾವೇ ನಡೆದು ಹೋದವರು, ಗಾಯ ಕೀವಾಗಿ ಹನ್ನೆರಡನೇ ದಿನ ತೀರಿಕೊಂಡರು. ಬಟ್ಟೆಬರೆ ತರಲು ಹೋದಾಗ ವಾರ್ಡಿನ ನರ್ಸು ಅವಳನ್ನು ಪಕ್ಕಕ್ಕೆ ಕರೆದಳು.

"ಕೈ ತೊಳ್ಯೋಕೆ ಸೋಪಿರ್ಲಿಲ್ಲ ಅಕ್ಕಾ. ಬೇಕು ಅಂತ ಬರ್ದುಕೊಟ್ಟು ಆರು ವಾರ ಆಗಿತ್ತು. ಸಹಿಯಾಗಿ ಬರ್ಲಿ ಅಂತ ಕಾದ್ವಿ."

"ಎದುರುಗಡೆ ಅಂಗಡಿಯಲ್ಲಿ ಸಿಗ್ತಿರ್ಲಿಲ್ವಾ?"

"ಸಿಗ್ತಿತ್ತು," ಎಂದಳು ನರ್ಸು. "ಯಾರಿಗೂ ಹೊಳೀಲೇ ಇಲ್ಲ ಅಕ್ಕಾ" ಎಂದು ಅತ್ತಳು.

ಅರ್ಜಿದಾರಳು ಆ ಹುಡುಗಿಯನ್ನು ಬೈಯಲಿಲ್ಲ. ಆದರೆ ಸಹಿಗೆ ಕಾಯುವುದು ಅಂದಿನಿಂದ ಅವಳಿಂದಾಗುವುದಿಲ್ಲ.

6. ಆದ್ದರಿಂದ ಭಾನುವಾರ ಬೆಳಿಗ್ಗೆ ಅವಳು ಮೆಕ್ಯಾನಿಕ್ಕರ ಮನೆಗೆ ಹೋದಳು. ಸ್ವಚ್ಛ ಕೋಣೆಯ ಕೀಲಿ ಇರುವುದು ಅವರ ಬಳಿ. ಮೂವತ್ತೆಂಟು ವರ್ಷದಿಂದ ನೌಕೆಗಳ ತಿರುಪು ಬಿಗಿಯುತ್ತಿರುವ ಅವರನ್ನು ಇಡೀ ಸಂಸ್ಥೆ ಸ್ಕ್ರೂ ಮಾವ ಎನ್ನುತ್ತದೆ. ಕೆಲಸದಿಂದ ನಿವೃತ್ತರಾಗಲು ಅವರಿಗೆ ಎರಡೇ ತಿಂಗಳಿತ್ತು.

"ಮಾವ, ಕೀಲಿ ಕೊಡಿ. ಕದ್ದೆ ಅಂತ ಬರ್ಕೊಡ್ತೀನಿ."

ಮಾವ ಚಪ್ಪಲಿ ಹುಡುಕತೊಡಗಿದರು. "ಕೀಲಿ ಕೊಟ್ರೆ ಆಯ್ತಾ? ಫಲಕದ ಅಂಚಿನ ಹದಿನಾರು ತಿರುಪು ಯಾರು ಬಿಚ್ತಾರೆ, ನಿಮ್ಮ ಸಮಿತಿಯೋರಾ? ನಡಿ ತಾಯೀ."

ನಿಯಮದಲ್ಲಿರುವಂತೆಯೇ ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ತೊಟ್ಟು, ಸ್ಪಿರಿಟ್ಟಿನಿಂದ ನಾಲ್ಕು ಸಲ ಒರೆಸಿದರು. ನಾಲ್ಕು ಗಂಟೆ ಇಬ್ಬರೂ ಮಾತಾಡಲಿಲ್ಲ, ಮಾತಿನಲ್ಲೂ ಜೀವಾಣುಗಳಿರುತ್ತವೆ. ಕೊನೆಗೆ ಅರ್ಜಿದಾರಳು ಹೊಸ ಹತ್ತಿಯಲ್ಲಿ ಮಾದರಿ ತೆಗೆದಳು. ಬುಧವಾರ ತಟ್ಟೆ ತೆರೆದು ಎಣಿಸಿದರೆ ಚದರ ಮೀಟರಿಗೆ ಒಂಬತ್ತು. ತಪ್ಪಿರಬಹುದೆಂದು ಮತ್ತೆ ಎಣಿಸಿದಳು. ಒಂಬತ್ತೇ.

7. ಕೀಲಿ ಪುಸ್ತಕದಲ್ಲಿ ಮಾವ ಭಾನುವಾರದ ಹೊತ್ತನ್ನು ನಿಮಿಷದ ಸಮೇತ ಬರೆದು ಸಹಿ ಹಾಕಿದ್ದರು. "ಸುಳ್ಳು ಬರ್ದು ಅಭ್ಯಾಸ ಇಲ್ಲ" ಎಂದರಷ್ಟೇ. ಕಾರಣ, ಗುರುವಾರ ಇಬ್ಬರಿಗೂ ನೋಟಿಸು ಬಂತು. ಅರ್ಜಿದಾರಳನ್ನು ಕ್ಯಾಂಟೀನಿಗೆ ಕಳಿಸಲಾಯಿತು. ಅಲ್ಲೂ ತಟ್ಟೆಗಳನ್ನೇ ಎಣಿಸುತ್ತಾಳೆ. ಮಾವನನ್ನು ಹೆಬ್ಬಾಗಿಲ ಬಳಿ ಕಾರುಗಳಿಗೆ ಜಾಗ ತೋರಿಸಲು ನಿಲ್ಲಿಸಲಾಗಿದೆ. ತಾವು ದಿನವೂ ಅವರ ಸಲಾಮು ಸ್ವೀಕರಿಸುತ್ತಿದ್ದೀರಿ. ನೌಕೆ ಹೇಳಿದ ದಿನವೇ ಹಾರಿತು. ಸಂಸ್ಥೆಯ ಇತಿಹಾಸದಲ್ಲೇ ಅತ್ಯಂತ ಸ್ವಚ್ಛ ನೌಕೆಯೆಂದು ಅಧ್ಯಕ್ಷರು ಟೀವಿಯಲ್ಲಿ ಹೇಳಿದರು. ಅವರು ತೋರಿಸಿದ್ದು ಅರ್ಜಿದಾರಳ ಬುಧವಾರದ ವರದಿಯನ್ನೇ.

8. ಕೊಳಕೇ ಆಗಿರದ ಫಲಕವನ್ನು ಒರೆಸಿದರೆ ಯಾವ ನಷ್ಟವೂ ಇಲ್ಲ, ಆದ್ದರಿಂದ ಅಪರಾಧವಿಲ್ಲ. ಕೊಳಕಾಗಿದ್ದರೆ ಒರೆಸಿದ್ದು ಕರ್ತವ್ಯ, ಆಗಲೂ ಅಪರಾಧವಿಲ್ಲ. ಆದರೂ ಶಿಕ್ಷೆ ಕೊಡಲೇಬೇಕೆಂದಿದ್ದರೆ ಅರ್ಜಿದಾರಳ ತಕರಾರಿಲ್ಲ. ಶಿಕ್ಷೆಯ ಆದೇಶದಲ್ಲಿ "ಸೀನು" ಎಂಬ ಎರಡಕ್ಷರವನ್ನು ಬರೆದು, ಕೆಳಗೆ ಅಧ್ಯಕ್ಷರ ಸಹಿ ಮಾಡಿಸಿ ಕೊಡಬೇಕು. ಮಾವನನ್ನು ಮಾತ್ರ ಬಿಟ್ಟುಬಿಡಬೇಕು. ಅವರು ತಿರುಪು ಬಿಚ್ಚಿದ್ದಷ್ಟೇ ಅಲ್ಲ, ಹದಿನಾರನ್ನೂ ತಿರುಗಿ ಹಾಕಿದ್ದಾರೆ.

ಇಷ್ಟನ್ನು ನಡೆಸಿಕೊಡುವಿರೆಂದು ನಂಬಿರುವ,
ತಮ್ಮ ವಿಶ್ವಾಸಿ,
(ಸಹಿ, ಕೈ ತೊಳೆದು ಮಾಡಿದ್ದು)

ಲಗತ್ತುಗಳು:
1. ಬುಧವಾರದ ವರದಿ, ಟೀವಿಯಲ್ಲಿ ತೋರಿಸಿದ ಪ್ರತಿ.
2. ಅದಕ್ಕೂ ಹಿಂದಿನ ವರದಿ, ಡ್ರಾಯರಿನಲ್ಲಿದ್ದ ಪ್ರತಿ. ಇದನ್ನು ಕೇಳದೆಯೇ ತಂದುಕೊಟ್ಟವರು ಮುಖ್ಯಸ್ಥರು. ದಯವಿಟ್ಟು ಅವರಿಗೆ ನೋಟಿಸು ಕೊಡಬೇಡಿ.
3. ಕೀಲಿ ಪುಸ್ತಕದ ಪುಟದ ನಕಲು.

ಹೆಚ್ಚುವರಿ ಕೋರಿಕೆ: ನೌಕೆ ಏಳು ತಿಂಗಳ ಬಳಿಕ ಒಂದು ಮಧ್ಯಾಹ್ನ ಕೆಂಪು ಗ್ರಹದ ಮೇಲೆ ಇಳಿಯಲಿದೆ. ಅಂದು ಅರ್ಜಿದಾರಳಿಗೆ ಅರ್ಧ ದಿನದ ರಜೆ ಮಂಜೂರು ಮಾಡಬೇಕಾಗಿ ಕೋರಿಕೆ. ಒಳಗೆ ಬರುವುದಿಲ್ಲ, ನಿಯಂತ್ರಣ ಕೊಠಡಿಯ ಗಾಜಿನ ಹೊರಗೆ ನಿಂತು ನೋಡುತ್ತಾಳೆ. ರಜೆಗೆ ಕಾರಣ ಎಂಬಲ್ಲಿ "ಸ್ವಂತ ಕೆಲಸ" ಎಂದು ನಮೂದಿಸಲು ಅವಳ ಅಭ್ಯಂತರವಿರುವುದಿಲ್ಲ.